ನಗುವ ಹೆಂಗಸಿನ ಹಣೆಗೆ ಕುಂಕುಮ

ನನ್ನ ಕಾರ್ಡಿನ ಹೆಂಗಸಿನ ಹಣೆಯಲ್ಲಿ ಕುಂಕುಮ ಕಂಡು ಕಿಟಾರನೆ ಕಿರುಚಿದೆ. ಎಂಬತ್ತರ ದಶಕ, ಆದೋನಿಯ ನಮ್ಮ ಮನೆ. ಮಾವ ಬೊಂಬಾಯಿಯಿಂದ ತಂದಿದ್ದ ಆಟದಲ್ಲಿ ದಾಳ ಉರುಳಿಸಿ ಜಗತ್ಪ್ರಸಿದ್ಧ ಚಿತ್ರಗಳ ಕಾರ್ಡು ಗೆಲ್ಲಬೇಕಿತ್ತು. ನಸುನಗುವ ಆ ಹೆಂಗಸು ಸಿಕ್ಕರೆ ಆಟವೇ ಗೆದ್ದಂತೆ. ಬೆಳಗಿನಿಂದ ಚಡಪಡಿಸಿ ಅವಳನ್ನು ಗೆದ್ದಿದ್ದೆ; ನೀರು ಕುಡಿದು ಬರುವಷ್ಟರಲ್ಲಿ ಹೀಗಾಗಿತ್ತು.

“ಕಾರ್ಡು ಕೆಟ್ಟೈತಿ, ಇದು ನಡೆಯಂಗಿಲ್ಲ” ಎಂದ ಅಣ್ಣ. ಪಕ್ಕದಲ್ಲೇ ಕೂತಿದ್ದ ಅಜ್ಜಿಯ ಮೇಲೆ ಹರಿಹಾಯ್ದೆ. ಅಜ್ಜಿ ಬೆರಳಿನ ಕುಂಕುಮವನ್ನು ಸೆರಗಿಗೆ ಒರೆಸಿಕೊಂಡಳು.

“ಎಷ್ಟು ಚೆಂದ ನಗತಾಳ ಆಕಿ! ಬೋಳು ಹಣಿ ನೋಡಾಕ ಆಗಲಿಲ್ಲವ್ವ ನನಗ.”

ಈಗ ಆ ಚಿತ್ರ ಎಲ್ಲಿ ಕಂಡರೂ ತಳಮಳವಾಗುತ್ತದೆ. ಅಜ್ಜ ತೀರಿಹೋದಂದಿನಿಂದ ಅಜ್ಜಿಯ ಹಣೆಯೂ ಬೋಳಾಗಿತ್ತು. ನಾನು ಅಂದು ನೋಡಿದ್ದು ಕಾರ್ಡನ್ನು ಮಾತ್ರ.