ಡಾಕ್ಟರ ಕತೆಯೊಳಗೆ ಬಂದ ಹಾವು

ಹರಿಹರದ ದವಾಖಾನೆ ಮುಚ್ಚಿ ದಾವಣಗೆರೆಗೆ ಬಂದ ಮೇಲೆ ಡಾಕ್ಟರ್ ನಾಗರಾಜಪ್ಪನವರಿಗೆ ಕತೆ ಬರೆಯುವ ಹುಚ್ಚು ಹತ್ತಿತು. ಮೊದಲು ಕೊಲೆ, ಪತ್ತೇದಾರಿ ಬರೆದರು. ಆಮೇಲೆ ತಾವು ನೋಡಿದ ರೋಗಿಗಳ ಬಾಳಿನ ಕತೆ. ಊರಿನ ವಾರಪತ್ರಿಕೆಯವರು ಎರಡನ್ನೂ ಹಾಕಿದರು. ಕಣ್ಣಿಗೆ ಪೊರೆ ಬಂತು. ಬರವಣಿಗೆ ನಿಲ್ಲಲಿಲ್ಲ. ಅವರು ಹೇಳುವುದು, ಹೆಂಡತಿ ಸರ್ವಮಂಗಳಮ್ಮ ಬರೆಯುವುದು ಎಂದಾಯಿತು. ಆಕೆ ಓದಿದ್ದು ನಾಲ್ಕನೇ ಇಯತ್ತೆ. ಒತ್ತಕ್ಷರ ತಪ್ಪಿದರೆ ಪತ್ರಿಕೆಯವರು ತಿದ್ದಿಕೊಳ್ಳುತ್ತಿದ್ದರು.

ಅರವತ್ತೆರಡನೇ ಇಸವಿಯ ಬೇಸಿಗೆಯಲ್ಲಿ ಡಾಕ್ಟರು ಹೊಸ ಧಾರಾವಾಹಿ ಹಿಡಿದರು. ಮಂಡಕ್ಕಿ ಭಟ್ಟಿಯವನ ಹೆಂಡತಿ. ಗಂಡ ಕುಂಟ. ಒಂದು ಬೆಳಗ್ಗೆ ಅವಳು ವಿಷದಿಂದ ಸತ್ತು ಬಿದ್ದಿದ್ದಾಳೆ. ತಾನೇ ಕುಡಿದಳೋ, ಯಾರಾದರೂ ಕುಡಿಸಿದರೋ?

ಸರ್ವಮಂಗಳಮ್ಮನ ಕೈ ನಿಂತಿತು. ಹೆಸರು ಬದಲಾಗಿತ್ತು, ಊರು ಬದಲಾಗಿತ್ತು. ಭಟ್ಟಿ ಹಾಗೇ ಇತ್ತು, ಗಂಡನ ಕುಂಟೂ ಹಾಗೇ ಇತ್ತು. ಅವಳು ಹರಿಹರದಲ್ಲಿ ಡಾಕ್ಟರು ನೋಡಿದ್ದ ಗುತ್ತೂರಿನ ದ್ರಾಕ್ಷಾಯಣಮ್ಮ. ಅವಳ ಮಗಳು ಉಮಾಮಹೇಶ್ವರಿಗೆ ಈಗ ಆನಗೋಡಿನ ಗಂಡು ಗೊತ್ತಾಗಿತ್ತು. ತಾಯಿ ವಿಷ ಕುಡಿದು ಸತ್ತಳೆಂದು ತಿಳಿದರೆ ಬೀಗರು ಎದ್ದುಹೋಗುತ್ತಾರೆ.

ಸರ್ವಮಂಗಳಮ್ಮ ಹಾಗಂದಳು. ಯಾರಿಗೂ ಗುರುತು ಸಿಗುವುದಿಲ್ಲ, ನೀನು ಸುಮ್ಮನೆ ಬರಿ ಎಂದರು ಡಾಕ್ಟರು.

ಬರೆದಳು. ವಿಷ ಅಂದಲ್ಲೆಲ್ಲ ಹಾವು ಕಚ್ಚಿತು ಎಂದು ಬರೆದಳು. ಪತ್ರಿಕೆ ಬಂದಾಗ ಗಂಡನಿಗೆ ಓದಿ ಹೇಳುವವಳೂ ಆಕೆಯೇ. ಕಣ್ಣೆದುರು ಹಾವು ಇತ್ತು, ಬಾಯಲ್ಲಿ ವಿಷ ಎಂದಳು. ಅವತ್ತಿನಿಂದ ಬಾಗಿಲು ಸದ್ದಾದರೆ ತಾನೇ ಮೊದಲು ಓಡುತ್ತಿದ್ದಳು. ಬಂದವರಿಗೆ ಡಾಕ್ಟರಿಗೆ ಮೈ ಸರಿಯಿಲ್ಲ ಎಂದು ಹೇಳಿ ಕಳಿಸುತ್ತಿದ್ದಳು. ಪಕ್ಕದ ಮನೆಯ ಹಜೀರಾಬೀ ಕತೆಯ ಮಾತೆತ್ತಿದರೆ ಹಿತ್ತಲಿಗೆ ಕರೆದೊಯ್ಯುತ್ತಿದ್ದಳು.

ಒಂದು ದಿನ ಮದುವೆ ಜವಳಿ ತೆಗೆಯಲು ಪೇಟೆಗೆ ಬಂದವರು ಹಾಗೇ ಮನೆಗೂ ಬಂದರು. ಒಬ್ಬ ದ್ರಾಕ್ಷಾಯಣಮ್ಮನ ತಮ್ಮ ಉಜ್ಜನಪ್ಪ. ಇನ್ನೊಬ್ಬರು ಗಂಡಿನ ತಂದೆ ಹಾಲೇಶಪ್ಪ. ಅವರನ್ನು ಕಳಿಸುವುದು ಹೇಗೆ? ಕಾಫಿ ಕೊಟ್ಟು ಅಡಿಗೆಮನೆ ಬಾಗಿಲಲ್ಲಿ ನಿಂತಳು.

ಹಾಲೇಶಪ್ಪ ಲೋಟ ಕೆಳಗಿಟ್ಟರು. "ಡಾಕ್ಟ್ರೇ, ಒಂದ್ ಮಾತು ಕೇಳ್ತೀನಿ, ತಪ್ಪು ತಿಳ್ಕಬ್ಯಾಡ್ರಿ. ಪೇಪರ್ನಾಗೆ ನಿಮ್ಮ ಕತೆ ಬರ್ತೈತಲ್ಲ, ಭಟ್ಟಿಯವನ ಹೆಂಡ್ತಿಗೆ ಹಾವು ಕಚ್ಚಿದ್ದು. ಅದು ನಮ್ಮ ಹುಡುಗಿ ತಾಯೀದಾ?"

"ಹಾವಾ?" ಎಂದರು ಡಾಕ್ಟರು.

ಉಜ್ಜನಪ್ಪ ನೆಲ ನೋಡುತ್ತಿದ್ದ. ಸರ್ವಮಂಗಳಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಡಾಕ್ಟರ ಮಂಜುಗಣ್ಣು ನಿಧಾನವಾಗಿ ಅಡಿಗೆಮನೆಯ ಕಡೆ ತಿರುಗಿತು, ಅಲ್ಲೇ ನಿಂತಿತು.

"ಅದು ಕಟ್ಟಿದ ಕತೆ ಕಣ್ರಿ," ಎಂದರು. "ಆಯಮ್ಮಗೆ ಜ್ವರ. ನಾನೇ ನೋಡಿದ್ದು."

"ಅಷ್ಟೇನಾ?"

"ಅಷ್ಟೇ."

"ನಮ್ಮ ಮನೆಯೋಳು ಕೇಳ್ಕಂಡ್ ಬರ್ರಿ ಅಂತ ದಿನಾ ಜೀವ ತಿಂತಿದ್ಲು. ಹಾವಾದ್ರೆ ನಾಗರಪೂಜೆ ಬ್ಯಾರೆ ಮಾಡಿಸ್ಬೇಕಂತೆ," ಎಂದು ಹಾಲೇಶಪ್ಪ ನಕ್ಕರು. ಜವಳಿ ಅಂಗಡಿಗೆ ಹೊತ್ತಾಯಿತೆಂದು ಇಬ್ಬರೂ ಎದ್ದರು. ಉಜ್ಜನಪ್ಪ ಹೋಗುವಾಗ ಡಾಕ್ಟರ ಕಾಲು ಮುಟ್ಟಿದ.

ಅವರು ಹೋದ ಮೇಲೆ ಡಾಕ್ಟರು ಹೆಂಡತಿಯನ್ನು ಕರೆದರು.

"ಇಷ್ಟು ದಿನ ನಂಗೆ ಓದಿ ಹೇಳಿದ್ದು ಯಾರ ಕತೆ?"

"ಆಯಮ್ಮ ಸತ್ತಾಗ ನೀವು ಜ್ವರ ಅಂತ ಸರ್ಟಿಫಿಕೇಟ್ ಬರ್ದು ಕೊಟ್ರಿ," ಎಂದಳು ಸರ್ವಮಂಗಳಮ್ಮ. "ನಾ ಹಾವು ಅಂತ ಬರ್ದೆ."

ಡಾಕ್ಟರು ಗೋಡೆ ಕಡೆ ತಿರುಗಿ ಮಲಗಿದರು. ಮಧ್ಯಾಹ್ನ ಊಟಕ್ಕೆ ಏಳಲಿಲ್ಲ. ತಟ್ಟೆ ಹಾಗೇ ಮುಚ್ಚಿಟ್ಟಳು. ಸಂಜೆ ಕೂಗಿ ಕರೆದು, ಕಾಗದ ತಗೊಂಡು ಕೂಡು ಎಂದರು. ಕತೆ ನಿಲ್ಲಿಸಿ ಎಂದು ಪತ್ರಿಕೆಗೆ ಬರೆಸುತ್ತಾರೆ, ಯಾಕೆಂದೂ ಬರೆಸುತ್ತಾರೆ ಎಂದುಕೊಂಡಳು. ಪೆನ್ನಿಗೆ ಮಸಿ ತುಂಬಿಕೊಂಡು ಕೂತಳು.

"ಬರ್ಕೋ. ಮಾರನೇ ದಿನ ಆ ಊರಿಗೆ ಒಬ್ಬ ಹಾವಾಡಿಗ ಬಂದ."

ಬರೆದಳು. ಮುಂದೆ ಎಲ್ಲಾದರೂ ವಿಷ ಅಂದುಬಿಡುತ್ತಾರೇನೋ ಎಂದು ಅವರ ಬಾಯನ್ನೇ ನೋಡುತ್ತ ಬರೆದಳು.