ಅಪ್ಪ ಮಗುಚಿ ನೋಡಿದ ಕಂಪ್ಯೂಟರ್

ಸಂಜೆ ಏಳು ಗಂಟೆ. ಇವತ್ತು ಮಗಳಿಗೊಂದು ಲ್ಯಾಪ್‌ಟಾಪ್ ಕೊಳ್ಳಲು ಹೋಗಿ, ಬರಿಗೈಯಲ್ಲಿ ಒಮಾನಿನ ಅಲ್ ಹೈಲ್‌ನ ಮನೆಗೆ ಬಂದೆ. ಅಂಗಡಿಯಲ್ಲಿ ಒಂದನ್ನು ಎತ್ತಿಕೊಂಡವನು ನನಗೇ ಗೊತ್ತಿಲ್ಲದಂತೆ ಮಗುಚಿ, ಅಡಿಯಲ್ಲಿ ಏನು ಬರೆದಿದೆ ಎಂದು ನೋಡಿದೆ. ಅದು ಹೋದ ತಿಂಗಳು ಊರಲ್ಲಿ ತೀರಿಕೊಂಡ ಅಪ್ಪನ ಅಭ್ಯಾಸ.

ನಾನು ಚಿಕ್ಕವನಿದ್ದಾಗ ಇಲ್ಲಿ ನಮ್ಮವರೆಲ್ಲ ಹಾಗೆಯೇ ಕೊಳ್ಳುತ್ತಿದ್ದರು. ಟಿವಿಯಾಗಲಿ ಇಸ್ತ್ರಿಪೆಟ್ಟಿಗೆಯಾಗಲಿ, ‘ಮೇಡ್ ಇನ್ ಜಪಾನ್’ ಎಂದಿದ್ದರೆ ಮಾತ್ರ ಊರಿಗೆ ಒಯ್ಯುವಷ್ಟು ಗಟ್ಟಿ ಎಂಬ ನಂಬಿಕೆ. ನನಗೆ ಕಂಪ್ಯೂಟರ್ ಕೊಡಿಸಲು ರೂವಿಯ ಪೇಟೆಗೆ ಹೋದ ಅಪ್ಪ ಅಲ್ಲಿಯೂ ಒಂದೊಂದನ್ನೇ ಮಗುಚಿದರು. ಪರದೆಯ ಹಿಂದೆ ಕೊರಿಯಾ, ಕೀಬೋರ್ಡಿನ ಅಡಿಯಲ್ಲಿ ತೈವಾನ್, ಡಬ್ಬದ ಮೇಲೆ ಸಿಂಗಾಪುರ. ಹೆಸರು ಮಾತ್ರ ಅಮೆರಿಕದ್ದು.

“ಹಾಗಾದ್ರೆ ಇದರ ಊರು ಯಾವುದು ಮಾರಾಯಾ?” ಎಂದು ಅಂಗಡಿಯ ಕಾಸರಗೋಡಿನವನನ್ನು ಕೇಳಿದರು.

“ನಿಮ್ಮ ಹಾಗೆಯೇ ಸಾರ್. ಹುಟ್ಟಿದ್ದು ಒಂದು ಕಡೆ, ದುಡಿಯುವುದು ಇನ್ನೊಂದು ಕಡೆ.”

“ನನ್ನನ್ನು ನೋಡ್ಲಿಕ್ಕೆ ಬಂದಾಗ ಇಷ್ಟು ವಿಚಾರಿಸ್ಲಿಲ್ಲ ನೀವು” ಎಂದು ಜೊತೆಗೆ ಬಂದಿದ್ದ ಅಮ್ಮ ನಕ್ಕರು.

ಅಪ್ಪ ಯಾವುದನ್ನು ಕೊಳ್ಳುವುದೆಂದು ತಿಳಿಯದೆ ನನ್ನ ಕಡೆ ತಿರುಗಿ, “ನೀನೇ ಹೇಳು ಮಗಾ” ಎಂದರು. ಮನೆಗೆ ಬರುವ ವಸ್ತುವಿನ ಬಗ್ಗೆ ಅವರು ನನ್ನನ್ನು ಕೇಳಿದ್ದು ಅದೇ ಮೊದಲು. ನಾನು ತೋರಿಸಿದ್ದನ್ನೇ ಕೊಂಡರು.

ಇವತ್ತು ಎಲ್ಲದರ ಅಡಿಯಲ್ಲೂ ಚೀನಾ ಎಂದೇ ಇತ್ತು. ಯಾವುದು ಬಾಳಿಕೆ ಬರುತ್ತದೆಂದು ತಿಳಿಯದೆ, ಅಪ್ಪನನ್ನು ಕೇಳೋಣವೆಂದು ಫೋನ್ ತೆಗೆದೆ. ಆಮೇಲೆ ನೆನಪಾಯಿತು.

ನಾಳೆ ಆರಿಸಲು ಮಗಳನ್ನೇ ಕರೆದುಕೊಂಡು ಹೋಗುತ್ತೇನೆ. ಇಲ್ಲಿ ವಾರದ ರಜೆಯ ಶುಕ್ರವಾರ, ಅಂಗಡಿ ತೆರೆಯುವುದು ಸಂಜೆಗೆ.