ದೇವರ ಮರದ ಎಳನೀರು

ಎಪ್ಪತ್ತರ ದಶಕದ ಕೊನೆಯಲ್ಲಿ ಮಾವನವರಿಗೆ ಕಾಮಾಲೆಯಾಗಿ ತಿಪಟೂರಿನ ಆಸ್ಪತ್ರೆಗೆ ಸೇರಿಸಿದ್ದೆವು. ಎಳನೀರು ಕೊಡಿ ಎಂದರು ಡಾಕ್ಟರು. ತೋಟವೇನೋ ಇತ್ತು, ಮನೆಯಲ್ಲಿ ಮರ ಹತ್ತುವವರು ಮಾತ್ರ ಮಾವ ಒಬ್ಬರೇ. ಕೈಗೆಟಕುವ ಗೊನೆಯಿದ್ದದ್ದು ಹಿತ್ತಿಲ ಗಿಡ್ಡ ಮರದಲ್ಲಿ. ಅದು ಮಾವನವರೇ ನೆಟ್ಟು ಮನೆದೇವರಿಗೆ ಮೀಸಲು ಬಿಟ್ಟ ಮರ. ಅದರ ಕಾಯಿಯನ್ನು ನಾವು ಯಾರೂ ಮುಟ್ಟುವಂತಿರಲಿಲ್ಲ.

ಅತ್ತೆ ಅದನ್ನೇ ಕಿತ್ತು ತಂದರು. ಮಾವ ಕೇಳುವ ಮೊದಲೇ, "ಪಕ್ಕದ ತೋಟದೋರು ಕೊಟ್ರು ಕಣ್ರೀ" ಎಂದರು.

ವಾರ್ಡಿನ ನರ್ಸಮ್ಮ ಕ್ರೈಸ್ತರು. ಮಧ್ಯಾಹ್ನ ಬಿಡುವಾದಾಗ ತಮ್ಮ ಧರ್ಮಗ್ರಂಥದ ಕಥೆ ಹೇಳುತ್ತಿದ್ದರು. ಕುರುಡನಿಗೆ ಕಣ್ಣು ಬಂದ ಕಥೆಯೆಂದರೆ ಅತ್ತೆಗೆ ಪ್ರಾಣ. ಎಳನೀರು ತಂದ ಮೂರನೆಯ ದಿನ ಹೇಳಿದ ಕಥೆ ಬೇರೆ. ಗಂಡ ಹೆಂಡತಿ ಹೊಲ ಮಾರಿ, ಬಂದದ್ದೆಲ್ಲ ದೇವರಿಗೆ ಎಂದು ಹೇಳಿ, ಒಂದು ಪಾಲು ಮುಚ್ಚಿಟ್ಟರಂತೆ. ಅವರ ದೇವರ ಹಿರಿಯ ಶಿಷ್ಯ ಆ ಸುಳ್ಳನ್ನು ಎತ್ತಿ ಆಡಿದ್ದೇ ತಡ, ಗಂಡ ಬಿದ್ದು ಸತ್ತ. ಹೂತು ಬಂದರು. ಆಮೇಲೆ, ಗಂಡ ಸತ್ತದ್ದು ತಿಳಿಯದ ಹೆಂಡತಿ ಬಂದಳು. ಶಿಷ್ಯ ಕೇಳಿದಾಗ ಅದೇ ಸುಳ್ಳು ಹೇಳಿ ಅವಳೂ ಅಲ್ಲೇ ಸತ್ತಳು.

ಅತ್ತೆಯ ಮುಖ ಬಿಳಿಚಿಕೊಂಡಿತು. "ಹೆಂಡ್ತಿಗೆ ಮುಖಾನೂ ತೋರಿಸ್ದೆ ಮಣ್ಣು ಮಾಡಿದ್ರಾ?"

"ಹೌದಮ್ಮ."

ನನಗೆ ರೇಗಿತು. "ಗೊತ್ತಿದ್ದೂ ಅವಳನ್ನ ಯಾಕೆ ಕೇಳ್ಬೇಕಿತ್ತು? ನಮ್ಮ ದೇವ್ರಿಗಾದ್ರೆ ತಪ್ಪುಕಾಣಿಕೆ ಅಂತ ಒಂದು ಕಾಸು ಗಂಟು ಕಟ್ಟಿಟ್ರೆ ಆಯ್ತು" ಎಂದೆ.

"ನಿಜ ಹೇಳೋಕೆ ಅವಳಿಗೂ ಒಂದು ಅವಕಾಶ ಕೊಟ್ಟಿದ್ದಮ್ಮ" ಎಂದರು ನರ್ಸಮ್ಮ.

ನಾನು ಒಪ್ಪಲಿಲ್ಲ. ಅತ್ತೆ ಮಾತ್ರ ಆ ಮಾತನ್ನೇ ಹಿಡಿದುಕೊಂಡರು. ಸಂಜೆ ಮಾವ ಎಳನೀರು ಕೇಳಿದರೆ ಕೊಡಲೊಲ್ಲರು. ಸುಳ್ಳು ಹೇಳಿದ್ದು ತಾನಾದರೂ ಮೊದಲು ಹೋಗುವುದು ಗಂಡನೇ ಎಂಬ ಭಯ. ಕೊನೆಗೆ ಮಂಚ ಹಿಡಿದು ನಿಂತು, "ಅದು ದೇವರ ಮರದ್ದು ಕಣ್ರೀ, ಸುಳ್ಳು ಹೇಳ್ದೆ" ಎಂದು ಅತ್ತುಬಿಟ್ಟರು.

"ನಾನು ನೆಟ್ಟ ಮರದ ಕಾಯಿ ನಂಗೆ ಗುರುತು ಸಿಗಲ್ವೇನೇ? ಮೊದಲ್ನೇ ದಿನಾನೇ ಗೊತ್ತಾಯ್ತು" ಎಂದರು ಮಾವ.

"ಮತ್ತೆ ಯಾಕೆ ಕೇಳ್ಲಿಲ್ಲ?"

"ಕೇಳಿದ್ರೆ ಇನ್ನೊಂದು ಸುಳ್ಳು ಹೇಳ್ಬೇಕಾಗ್ತಿತ್ತು ನೀನು. ಬುಡು, ಗೊತ್ತಿದ್ದೂ ಕುಡಿದೋನು ನಾನಲ್ವಾ?"

ದಿಂಬಿನಡಿಯಿಂದ ಟವೆಲು ಎಳೆದು ಅದರ ತುದಿಯ ಗಂಟು ತೋರಿಸಿದರು. ಅತ್ತೆ ಬಿಚ್ಚಿ ನೋಡಿದರು. ಒಳಗೆ ಎರಡು ನಾಣ್ಯಗಳಿದ್ದವು.